ಹಳೆಯ ಮನೆಯ ಮೂರು ಸ್ನಾನಗೃಹಗಳು: ಒಂದು ಮರುವಿನ್ಯಾಸದ ಪ್ರಕರಣ ಅಧ್ಯಯನ

ಈ ಅಧ್ಯಯನದ ಮನೆ ನೂರು ವರ್ಷಕ್ಕೂ ಹಿಂದಿನದು. ಎರಡು ಅಂತಸ್ತು, ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆಗಳು, ಮೇಲಂತಸ್ತಿನಲ್ಲಿ ಮರದ ಜಂತೆಗಳ ಮೇಲೆ ಹಲಗೆ ಹಾಸಿದ ನೆಲ, ಕೋಣೆಗಳ ನಡುವೆ ಮರದ ಪಟ್ಟಿಗಳಿಗೆ ಸುಣ್ಣದ ಗಿಲಾವು ಮೆತ್ತಿದ ತೆಳು ಗೋಡೆಗಳು. ಎಂಬತ್ತು ದಾಟಿದ ಅಜ್ಜಿ, ಅವರ ಮಗ ಮತ್ತು ಸೊಸೆ, ಬೆಳೆದ ಇಬ್ಬರು ಮೊಮ್ಮಕ್ಕಳು ಇಲ್ಲಿ ವಾಸಿಸುತ್ತಾರೆ. ಸ್ನಾನಗೃಹಗಳು ಮೂರು. ಮೇಲಂತಸ್ತಿನ ದೊಡ್ಡ ಸ್ನಾನಗೃಹ ಮನೆ ಕಟ್ಟಿದಾಗಿನದೇ. ಬೀಡುಕಬ್ಬಿಣದ ಸ್ನಾನದ ತೊಟ್ಟಿ, ಆರು ಮೂಲೆಯ ಸಣ್ಣ ನೆಲಹಾಸು ಟೈಲುಗಳು, ಎತ್ತರದ ಮರದ ಕಿಟಕಿ ಅದರಲ್ಲಿವೆ. ಅದೇ ಅಂತಸ್ತಿನಲ್ಲಿ, ದೊಡ್ಡ ಮಲಗುವ ಕೋಣೆಯ ಒಂದು ಮೂಲೆಯನ್ನು ಅಡ್ಡಗೋಡೆಯಿಂದ ಕತ್ತರಿಸಿ ಹಲವು ದಶಕಗಳ ಹಿಂದೆ ಮಾಡಿಕೊಂಡ ಎರಡನೆಯ ಸ್ನಾನಗೃಹವಿತ್ತು. ಮೂರನೆಯದು ಕೆಳಗೆ, ಮನೆಯ ಹಿಂಬದಿಗೆ ಆನಿಸಿ ಕಟ್ಟಿದ ಇಳಿಮಾಡಿನ ಕೋಣೆ. ಅದಕ್ಕೆ ಎರಡು ಮೆಟ್ಟಿಲು ಇಳಿದು ಹೋಗಬೇಕಿತ್ತು.

ಕುಟುಂಬದವರು ನಮ್ಮ ಮುಂದಿಟ್ಟ ಬೇಡಿಕೆಗಳು ಒಂದೊಂದು ಒಂದೊಂದು ದಿಕ್ಕಿನವು. ಯಜಮಾನರಿಗೆ ದೊಡ್ಡ ಸ್ನಾನಗೃಹ ಮೊದಲಿನಂತೆಯೇ ಉಳಿಯಬೇಕು, ಉಳಿದೆರಡು ಅದಕ್ಕೆ ಹೊಂದುವಂತೆ 'ಹಳೆಯ ಕಾಲದ ಶೈಲಿ'ಗೆ ಬರಬೇಕು. ಸೊಸೆಗೆ ಬೇಕಾದದ್ದು ಬೆಳಗಿನ ಹೊತ್ತು ಯಾರಿಗೂ ಕಾಯದೆ ಬಳಸಬಹುದಾದ, ಬಿಸಿನೀರಿನ ಒತ್ತಡ ಸರಿಯಿರುವ ಶವರ್. ಅಜ್ಜಿ ಬೇರೇನೂ ಕೇಳಲಿಲ್ಲ. ಆ ಎರಡು ಮೆಟ್ಟಿಲು ಹೋಗಬೇಕು ಎಂದಷ್ಟೇ ಹೇಳಿದರು. ಮೂವರೂ ಒಪ್ಪಿದ ದೂರು ಒಂದೇ: ಊಟದ ಕೋಣೆಯ ಮಾಳಿಗೆಯಲ್ಲಿ, ಮಲಗುವ ಕೋಣೆಯ ಸ್ನಾನಗೃಹದ ಕೆಳಗೆ ನೇರವಾಗಿ, ಕಂದು ಅಂಚಿನ ಕಲೆಯೊಂದು ಬಣ್ಣ ಬಳಿದಷ್ಟು ಸಲವೂ ಮತ್ತೆ ಮೂಡುತ್ತಿತ್ತು.

ಕಲೆಯ ಮೂಲ

ನಮಗಿಂತ ಮೊದಲು ಬಂದವರೆಲ್ಲ ಈ ಕಲೆಗೆ ಕೊಟ್ಟ ವಿವರಣೆ ಟೈಲುಗಳ ನಡುವಿನ ಗ್ರೌಟ್ ಕಿತ್ತುಹೋಗಿದೆ ಎಂಬುದು. ಅದು ಸುಳ್ಳಲ್ಲ. ಗ್ರೌಟ್ ಬಿರುಕು ಬಿಟ್ಟಿತ್ತು, ನೀರು ಅಲ್ಲಿಂದಲೇ ಇಳಿಯುತ್ತಿತ್ತು. ಆದರೆ ಹೊಸದಾಗಿ ತುಂಬಿದ ಗ್ರೌಟ್ ಕೂಡ ಕೆಲವೇ ತಿಂಗಳಲ್ಲಿ ಅದೇ ಗೆರೆಯಲ್ಲಿ ಒಡೆಯುತ್ತಿದ್ದುದಕ್ಕೆ ಆ ವಿವರಣೆಯಲ್ಲಿ ಉತ್ತರವಿರಲಿಲ್ಲ. ಕಮೋಡಿನ ಪಕ್ಕದಲ್ಲಿ ನಿಂತು ಹಿಮ್ಮಡಿಯ ಮೇಲೆ ಸ್ವಲ್ಪ ಭಾರ ಬಿಟ್ಟರೆ ನೆಲ ತುಸು ತಗ್ಗಿ ಮೇಲೆದ್ದಂತಾಗುತ್ತಿತ್ತು. ಬಾಗುವ ನೆಲದ ಮೇಲೆ ಬಾಗದ ಟೈಲು ಹಾಕಿದರೆ ಯಾವ ಗ್ರೌಟೂ ನಿಲ್ಲುವುದಿಲ್ಲ. ಹಾಗಾಗಿ ಟೈಲು ಆರಿಸುವುದಿರಲಿ, ನಕ್ಷೆ ಬರೆಯುವುದಕ್ಕೂ ಮೊದಲು ಅಲ್ಲಿನ ನೆಲವನ್ನು ಬಿಚ್ಚಿಸಿದೆವು.

ಹಲಗೆಗಳಡಿಯಲ್ಲಿ ಕಂಡದ್ದು ಇಷ್ಟು. ಮನೆಯ ಮಲದ ಪೈಪು ಹೊರಗೋಡೆಯ ಗುಂಟ ನೆಟ್ಟಗೆ ಇಳಿಯುತ್ತದೆ. ಮಲಗುವ ಕೋಣೆಯ ಕಮೋಡಿನಿಂದ ಅಲ್ಲಿಗೆ ಸುಮಾರು 4.5 ಮೀಟರ್ ದೂರ, ಮತ್ತು ಆ ದಾರಿ ಜಂತೆಗಳಿಗೆ ಅಡ್ಡವಾಗಿ ಹೋಗುತ್ತದೆ. ಹಿಂದೆ ಕೆಲಸ ಮಾಡಿದವರು ಪೈಪು ಕೂರಿಸಲು ದಾರಿಯಲ್ಲಿದ್ದ ಪ್ರತಿಯೊಂದು ಜಂತೆಯನ್ನೂ ಮೇಲಿನಿಂದ ಕಡಿದಿದ್ದರು. ಜಂತೆಯ ಆಳ 200 ಮಿ.ಮೀ.; ಕಡಿದದ್ದು, ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ, 90 ಮಿ.ಮೀ. ಉಳಿದ ಮರ 110 ಮಿ.ಮೀ., ಅಂದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂದು ಕಣ್ಣಿಗೆ ತೋರುತ್ತದೆ. ಲೆಕ್ಕ ಹಾಗಲ್ಲ. ಜಂತೆಯ ಬಾಗುವ ಬಲ ಅದರ ಆಳದ ವರ್ಗಕ್ಕೆ ಅನುಗುಣವಾದದ್ದು, ಬಿಗಿತನ ಆಳದ ಘನಕ್ಕೆ ಅನುಗುಣವಾದದ್ದು. ಆದ್ದರಿಂದ ಆ ಜಾಗದಲ್ಲಿ ಉಳಿದ ಬಲ ಮೂಲದ ಸುಮಾರು 30%, ಬಿಗಿತನ 17%ರಷ್ಟು ಮಾತ್ರ. ಕಡಿತ ಜಂತೆಯ ನಡುಭಾಗದಲ್ಲಿ, ಬಾಗುವ ಒತ್ತಡ ಅತಿ ಹೆಚ್ಚಿರುವಲ್ಲಿಯೇ ಬಿದ್ದಿತ್ತು.

ಉಳಿದದ್ದೆಲ್ಲ ಇದರ ಬೆನ್ನಿಗೆ ಬಂದದ್ದು. ನೆಲ ತಗ್ಗಿತು, ಗ್ರೌಟ್ ಒಡೆಯಿತು, ಇಳಿದ ನೀರು ಕಡಿದ ಮರದ ತೆರೆದ ಎಳೆಗಳನ್ನು ನೆನೆಸಿತು, ನೆನೆದ ಮರ ಮೆತ್ತಗಾಗಿ ನೆಲ ಇನ್ನಷ್ಟು ತಗ್ಗಿತು. ನೆಲದೊಂದಿಗೆ ಪೈಪೂ ತಗ್ಗಿದ್ದರಿಂದ ಅದರ ವಾಟ, ಅಂದರೆ ನೀರು ಹರಿಯಲು ಬೇಕಾದ ಇಳಿಜಾರು, ತಪ್ಪಿ, ನಡುವೆ ಒಂದು ಕಡೆ ಯಾವಾಗಲೂ ನೀರು ನಿಲ್ಲುತ್ತಿತ್ತು. ಪದೇ ಪದೇ ಕಟ್ಟಿಕೊಳ್ಳುತ್ತದೆ ಎಂಬ ಸೊಸೆಯ ದೂರು ಮತ್ತು ಕೆಳಗಿನ ಕಲೆ, ಎರಡಕ್ಕೂ ಕಾರಣ ಒಂದೇ ಕಡಿತವಾಗಿತ್ತು. ಹಳೆಯ ಮನೆಗಳಲ್ಲಿ ಸ್ನಾನಗೃಹದ ಮರುವಿನ್ಯಾಸವೆಂದರೆ ಜನ ಮೊದಲು ಗೋಡೆ ನೋಡುತ್ತಾರೆ, ನಲ್ಲಿ ನೋಡುತ್ತಾರೆ. ಈ ಮನೆಯಲ್ಲಿ ಯಾವ ಕೋಣೆ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸಿದ್ದು ಜಂತೆಗಳ ದಿಕ್ಕು.

ಕೋಣೆ ಸರಿಸುವ ತೀರ್ಮಾನ

ಮಲಗುವ ಕೋಣೆಯ ಸ್ನಾನಗೃಹವನ್ನು ಇದ್ದಲ್ಲಿಯೇ ಸರಿಪಡಿಸಲು ಸಾಧ್ಯವೇ ಎಂದು ಪ್ರಾಮಾಣಿಕವಾಗಿ ಪರಿಶೀಲಿಸಿದೆವು. 100 ಮಿ.ಮೀ. ಅಳತೆಯ ಮಲದ ಪೈಪಿಗೆ 1:40 ವಾಟ (40 ಪಾಲು ದೂರಕ್ಕೆ 1 ಪಾಲು ಇಳಿತ) ಕೊಟ್ಟರೆ 4.5 ಮೀಟರ್ ದೂರಕ್ಕೆ ಅದು ಸುಮಾರು 112 ಮಿ.ಮೀ. ಇಳಿಯುತ್ತದೆ. ಪೈಪಿನ ಹೊರ ಅಳತೆ 110 ಮಿ.ಮೀ. ಕೂಡಿಸಿದರೆ 222 ಮಿ.ಮೀ. ಆಯಿತು, ನೆಲದೊಳಗೆ ಇರುವ ಜಾಗ 200 ಮಾತ್ರ. ವಾಟವನ್ನು ಅರ್ಧಕ್ಕಿಳಿಸಿದರೆ ಅಳತೆ ಹೊಂದೀತು, ಆದರೆ ಅಡ್ಡಲಾಗಿ ಹೋಗುವ 110 ಮಿ.ಮೀ. ಪೈಪಿಗೆ 200 ಮಿ.ಮೀ. ಜಂತೆಯಲ್ಲಿ ದಾರಿ ಎಲ್ಲಿದೆ? ರಂಧ್ರ ಕೊರೆಯುವುದಾದರೆ ಆಳದ ನಡುವಿನಲ್ಲಿ, ಆಳದ ಕಾಲು ಭಾಗಕ್ಕೆ ಮೀರದಂತೆ ಕೊರೆಯಬೇಕು ಎಂಬುದು ಬಡಗಿಗಳು ಪಾಲಿಸುವ ಸುರಕ್ಷಿತ ಮಿತಿ. ಅಂದರೆ 50 ಮಿ.ಮೀ. ಅದರಲ್ಲಿ ವಾಶ್‌ಬೇಸಿನ್ನಿನ ಪೈಪು ಹೋದೀತೇ ಹೊರತು ಕಮೋಡಿನದು ಹೋಗದು. ಪೈಪನ್ನು ಊಟದ ಕೋಣೆಯ ಮಾಳಿಗೆಯ ಕೆಳಗೆ ಇಳಿಸಿ ಮರದ ಪೆಟ್ಟಿಗೆಯಿಂದ ಮುಚ್ಚುವ ಸಲಹೆಯೂ ಬಂದಿತ್ತು. ಊಟದ ಮೇಜಿನ ಮೇಲೆ ಮಲದ ಪೈಪು ಹಾಯುವ ಆ ಸಲಹೆಯನ್ನು ಮನೆಯವರೇ ತಳ್ಳಿಹಾಕಿದರು.

ದೊಡ್ಡ ಸ್ನಾನಗೃಹವನ್ನು ಎರಡಾಗಿ ಭಾಗಿಸುವುದು ಇನ್ನೊಂದು ದಾರಿ. ಅಳತೆಯ ದೃಷ್ಟಿಯಿಂದ ಅದು ಸುಲಭವಿತ್ತು. ಆದರೆ ಮನೆಯಲ್ಲಿ ಕಟ್ಟಿದಾಗಿನ ಪ್ರಮಾಣ, ಮಾಳಿಗೆಯ ಅಂಚಿನ ಗಾರೆ ಕೆತ್ತನೆ ಮತ್ತು ಕಿಟಕಿ ಮೂರೂ ಕೆಡದೆ ಉಳಿದಿದ್ದ ಕೋಣೆ ಅದೊಂದೇ, ಹಾಗಾಗಿ ಯಜಮಾನರ ವಿರೋಧ ಬರೀ ಹಟವಾಗಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪರಿಹಾರ ಸಿಕ್ಕಿದ್ದು ದೊಡ್ಡ ಸ್ನಾನಗೃಹಕ್ಕೆ ಅಂಟಿಕೊಂಡಿದ್ದ, ಹಾಸಿಗೆ ಬಟ್ಟೆ ಪೇರಿಸಿಡುವ ಸಣ್ಣ ಕೋಣೆಯಲ್ಲಿ. 1.5 ಮೀಟರ್ ಅಗಲ, 2.2 ಮೀಟರ್ ಉದ್ದದ ಆ ಕೋಣೆಯಿಂದ ಹೊರಗೋಡೆಯ ಕಡೆಗೆ ಜಂತೆಗಳು ನೇರವಾಗಿ ಸಾಗುತ್ತವೆ. ಕಮೋಡಿನಿಂದ ನೆಟ್ಟ ಪೈಪಿಗೆ 2.4 ಮೀಟರ್, 1:40ರಂತೆ ಇಳಿತ 60 ಮಿ.ಮೀ.; ಪೈಪು ಸೇರಿ 170 ಮಿ.ಮೀ. ಒಂದೇ ಒಂದು ಜಂತೆಯನ್ನೂ ಮುಟ್ಟದೆ, ಎರಡು ಜಂತೆಗಳ ನಡುವಿನ ಸಂದಿನಲ್ಲಿ ಪೈಪು ಮಲಗಿತು. ಮಲಗುವ ಕೋಣೆಗೆ ಕಳೆದುಹೋಗಿದ್ದ ಮೂಲೆ ವಾಪಸು ಬಂತು. ಸೊಸೆಗೆ ಕೋಣೆಯಿಂದ ನಾಲ್ಕು ಹೆಜ್ಜೆ ಆಚೆಗೆ ನಡೆಯಬೇಕಾಯಿತು, ಬಟ್ಟೆ ಇಡಲು ಕಪಾಟೊಂದನ್ನು ಬೇರೆ ಕಡೆ ಮಾಡಿಸಬೇಕಾಯಿತು. ಈ ಎರಡಕ್ಕೂ ಅವರು ಸುಲಭವಾಗಿ ಒಪ್ಪಲಿಲ್ಲ. ಬಿಚ್ಚಿದ ನೆಲವನ್ನು ಅವರೇ ಬಂದು ನೋಡಿದ ಮೇಲೆ ಚರ್ಚೆ ಮುಗಿಯಿತು.

ಕಡಿದ ಜಂತೆಗಳನ್ನು ತೆಗೆಯಲಿಲ್ಲ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆದು, ಎರಡೂ ಬದಿಗೆ ಅದೇ ಆಳದ ಒಣ ಮರವನ್ನು ಗೋಡೆಯಿಂದ ಗೋಡೆಯವರೆಗೆ ಜೋಡಿಸಿ ಬೋಲ್ಟ್ ಹಾಕಿಸಿದೆವು. ಮರದ ತೇವ 20%ಕ್ಕಿಂತ ಕೆಳಗೆ ಇಳಿಯುವವರೆಗೆ ಹಲಗೆ ಮುಚ್ಚಬಾರದು ಎಂದು ತಡೆದದ್ದರಿಂದ ಕೆಲಸ ಹಿಂದೆ ಬಿತ್ತು. ಕೊಳೆಸುವ ಶಿಲೀಂಧ್ರ ಆ ಮಟ್ಟದ ಕೆಳಗೆ ಬೆಳೆಯಲಾರದು. ಒದ್ದೆ ಮರವನ್ನು ಮುಚ್ಚಿಬಿಟ್ಟರೆ ರೋಗವನ್ನು ಒಳಗಿಟ್ಟು ಹೊಲಿದಂತೆ.

ದೊಡ್ಡ ಸ್ನಾನಗೃಹ

ಇಲ್ಲಿ ನಾವು ಮಾಡಿದ ಮುಖ್ಯ ಕೆಲಸ ಶವರ್ ಹಾಕದೆ ಬಿಟ್ಟದ್ದು. ತೊಟ್ಟಿಯ ಮೇಲೆ ಶವರ್ ಇರಲಿ ಎಂಬ ಮೊಮ್ಮಕ್ಕಳ ಆಸೆ ಸಹಜವಾದದ್ದೇ. ಆದರೆ ತೊಟ್ಟಿಯ ಪಕ್ಕಕ್ಕೆ ಮರದ ಕಿಟಕಿಯಿದೆ. ದಿನಕ್ಕೆ ಐದು ಸಲ ನೀರು ಸಿಡಿದರೆ ಕಿಟಕಿಯ ಕೆಳದಂಡೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ, ಪರದೆ ಕಟ್ಟಿದರೆ ಕೋಣೆಯ ಬೆಳಕು ಹೋಗುತ್ತದೆ. ಶವರ್ ಬೇಕಾದವರಿಗೆ ಹೊಸ ಸಣ್ಣ ಕೋಣೆ ಇದೆ. ಶವರ್ ಇಲ್ಲವೆಂದಾದಾಗ ಇಡೀ ನೆಲವನ್ನು ಕಿತ್ತು ನೀರುತಡೆ ಪದರ ಹಾಸುವ ಅಗತ್ಯವೂ ಉಳಿಯಲಿಲ್ಲ, ಹಾಗಾಗಿ ಮೂಲದ ಆರು ಮೂಲೆಯ ಟೈಲುಗಳು ಇದ್ದಲ್ಲಿಯೇ ಇದ್ದವು.

ಪೈಪು ಬದಲಿಸಲು ಒಂದು ಪಟ್ಟಿಯಷ್ಟು ನೆಲವನ್ನು ಎಬ್ಬಿಸಲೇಬೇಕಿತ್ತು. ಸುಣ್ಣದ ಗಾರೆಯಲ್ಲಿ ಕೂರಿಸಿದ ಟೈಲುಗಳು ತೆಳು ಉಳಿಗೆ ಮಣಿದು ಇಡಿಯಾಗಿ ಬಂದವು. ಹಿಂದೊಮ್ಮೆ ಯಾರೋ ಸಿಮೆಂಟಿನಲ್ಲಿ ಮತ್ತೆ ಕೂರಿಸಿದ್ದ ಒಂದು ಗುಂಪು ಮಾತ್ರ ಎಷ್ಟು ಜಾಗರೂಕತೆ ವಹಿಸಿದರೂ ಚೂರಾಯಿತು. ಕಡಿಮೆ ಬಿದ್ದ ಜಾಗಕ್ಕೆ ಹಳೆಯದರಂತೆ ಕೃತಕವಾಗಿ ಮಾಸಿಸಿದ ಟೈಲು ತರುವ ಬದಲು, ಅದೇ ಅಳತೆಯ, ಒಂದು ಛಾಯೆ ಮಾತ್ರ ಬೇರೆಯಾದ ಸಾದಾ ಟೈಲನ್ನು ಹಾಕಿದೆವು. ಸ್ಮಾರಕಗಳ ಸಂರಕ್ಷಣೆಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದಿನ 12ನೇ ವಿಧಿ, ಕಳೆದುಹೋದ ಭಾಗಕ್ಕೆ ಬದಲಾಗಿ ಸೇರಿಸಿದ್ದು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆ ಎಂದು ಗುರುತಿಸಲು ಬರಬೇಕು ಎನ್ನುತ್ತದೆ. ವಾಸದ ಮನೆ ಸ್ಮಾರಕವಲ್ಲ, ಆ ಸನ್ನದು ಇಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಆದರೂ ಈ ಒಂದು ಸೂತ್ರ ಮನೆಗಳಿಗೂ ಚೆನ್ನಾಗಿ ಒಪ್ಪುತ್ತದೆ ಎಂದು ನನಗನಿಸುತ್ತದೆ.

ತೊಟ್ಟಿಯ ಭಾರ ಲೆಕ್ಕ ಹಾಕಿದವರು ಈ ಮೊದಲು ಯಾರೂ ಇರಲಿಲ್ಲ. ಖಾಲಿ ತೊಟ್ಟಿ ಸುಮಾರು 150 ಕೆ.ಜಿ., ತುಂಬಿದ ನೀರು 180 ಕೆ.ಜಿ., ಒಳಗೆ ಕುಳಿತವರು 70 ಕೆ.ಜಿ.; ಒಟ್ಟು 400 ಕೆ.ಜಿ. ಒಂದೂಕಾಲು ಚದರ ಮೀಟರಿನಷ್ಟು ಜಾಗದ ಮೇಲೆ, ಅದೂ ನಾಲ್ಕು ಸಣ್ಣ ಕಾಲುಗಳ ಮೂಲಕ ಇಳಿಯುತ್ತದೆ. ವಾಸದ ಕೋಣೆಯ ನೆಲಕ್ಕೆ ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆ.ಜಿ. ಹೊರೆಯ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಕೋಣೆಯ ನಡುವಿನ ಕಡೆಗೆ ಬಂದಿದ್ದ ತೊಟ್ಟಿಯನ್ನು ಜಂತೆಗಳ ತುದಿ ಕೂರುವ ಗೋಡೆಯ ಬದಿಗೆ ಸರಿಸಿ, ಅದರ ಉದ್ದ ಜಂತೆಗಳಿಗೆ ಅಡ್ಡ ಬರುವಂತೆ ಇಟ್ಟೆವು. ಭಾರ ನಾಲ್ಕು ಜಂತೆಗಳಿಗೆ ಹಂಚಿಹೋಯಿತು. ತೊಟ್ಟಿಯ ಒಳಮೈಗೆ ಹೊಸ ಎನಾಮಲ್ ಹಾಕಿಸುವ ಪ್ರಸ್ತಾಪವನ್ನು ಒಪ್ಪಲಿಲ್ಲ. ಮೂಲದ ಎನಾಮಲ್ ಎಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲೋಹಕ್ಕೆ ಕರಗಿಸಿ ಹತ್ತಿಸಿದ ಗಾಜು. ಮನೆಗೆ ಬಂದು ಹಾಕಿಕೊಡುವುದು ಏನಿದ್ದರೂ ಒಂದು ಬಗೆಯ ಬಣ್ಣ, ಕೆಲವು ವರ್ಷಗಳಲ್ಲಿ ಸಿಪ್ಪೆ ಏಳುವಂಥದ್ದು. ನಲ್ಲಿಯ ಕೆಳಗಿನ ಹಳದಿ ಗೆರೆ ಹಾಗೆಯೇ ಉಳಿಯಿತು.

ಈ ಕೋಣೆಯಲ್ಲಿ 'ಹಳೆ ಮನೆಯ ವಾಸನೆ' ಎಂದು ಎಲ್ಲರೂ ಒಗ್ಗಿಹೋಗಿದ್ದ ಒಂದು ದುರ್ವಾಸನೆಯಿತ್ತು. ಪಕ್ಕದ ಕಮೋಡಿಗೆ ನೀರು ಬಿಟ್ಟಾಗಲೆಲ್ಲ ತೊಟ್ಟಿಯ ಬಾಯಿ ಗೊಳಗೊಳ ಎನ್ನುತ್ತಿದ್ದುದೇ ಅದರ ಸುಳಿವು. ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ ಚರಂಡಿಯ ಗಾಳಿಯನ್ನು ತಡೆಯುವ ಟ್ರ್ಯಾಪ್ ಹಳೆಯ ಉಪಾಯ. ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ ಕಮೋಡಿಗಾಗಿ 1775ರಲ್ಲಿ ಪಡೆದ ಪೇಟೆಂಟಿನಲ್ಲಿಯೇ ಅದಿದೆ. ಆ ನೀರು ನಿಲ್ಲಬೇಕಾದರೆ ನೆಟ್ಟ ಪೈಪಿನ ಮೇಲ್ತುದಿ ಛಾವಣಿಯ ಮೇಲೆ ಗಾಳಿಗೆ ತೆರೆದಿರಬೇಕು. ಇಲ್ಲಿ ಆ ತುದಿ ಹಕ್ಕಿಗೂಡಿನಿಂದ ಮುಚ್ಚಿಹೋಗಿತ್ತು. ಕಮೋಡಿನ ನೀರು ಇಳಿಯುವಾಗ ಬೇಕಾದ ಗಾಳಿಯನ್ನು ತೊಟ್ಟಿಯ ಟ್ರ್ಯಾಪಿನ ಮೂಲಕವೇ ಎಳೆದುಕೊಂಡು ಅದನ್ನು ಬರಿದು ಮಾಡುತ್ತಿತ್ತು. ಗೂಡು ತೆಗೆದು ತುದಿಗೆ ಜಾಲರಿ ಹಾಕಿದ್ದೇ ಚಿಕಿತ್ಸೆ.

ಹೊಸ ಸಣ್ಣ ಕೋಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಪೂರ್ತಿ ಹೊಸ ಕಾಲದ್ದು: ಗಟ್ಟಿಗೊಳಿಸಿದ ನೆಲ, ಗೋಡೆಗೂ ಏರಿಸಿದ ನೀರುತಡೆ ಪದರ, ಟೈಲು ಹಾಕುವ ಮೊದಲು 24 ಗಂಟೆ ನೀರು ನಿಲ್ಲಿಸಿ ನೋಡಿದ ಪರೀಕ್ಷೆ. ಕಿಟಕಿ ಇಲ್ಲದ್ದರಿಂದ ಸೆಕೆಂಡಿಗೆ 15 ಲೀಟರ್ ಗಾಳಿ ಹೊರಹಾಕುವ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಗಾಳಿಯನ್ನು ಅಟ್ಟಕ್ಕೆ ಬಿಡದೆ ಹೊರಗೆ ಒಯ್ದೆವು; ಒಳಗೆ ಗಾಳಿ ಬರಲು ಬಾಗಿಲಿನ ಕೆಳಗೆ 10 ಮಿ.ಮೀ. ಸಂದು ಬಿಟ್ಟೆವು. ತುಕ್ಕು ಹಿಡಿದು ಒಳಗಿನ ರಂಧ್ರ ಕಿರಿದಾಗಿದ್ದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ಬದಲಿಸಿದ ದಿನವೇ ಶವರಿನ ಒತ್ತಡದ ದೂರು ತೀರಿತು.

'ಹಳೆಯ ಕಾಲದ ಶೈಲಿ'ಯ ವಿಷಯದಲ್ಲಿ ಯಜಮಾನರೊಂದಿಗೆ ನಮಗೆ ಭಿನ್ನಾಭಿಪ್ರಾಯವಿತ್ತು. ಅಂಗಡಿಯಲ್ಲಿ ಸಿಗುವ ಬಳ್ಳಿ ಚಿತ್ತಾರದ ನಲ್ಲಿ, ಹಳೆಯದೆಂಬಂತೆ ಕಂದಿಸಿದ ಹಿತ್ತಾಳೆ ಇವು ಯಾವ ಕಾಲದವೂ ಅಲ್ಲ. ಈ ಮನೆಯ ಮೂಲ ಸ್ನಾನಗೃಹ ಕಟ್ಟಿದಾಗ ಇಡೀ ಮನೆಯಲ್ಲಿ ಅತ್ಯಾಧುನಿಕವಾಗಿದ್ದ ಕೋಣೆ ಅದು; ರೋಗಾಣುಗಳ ತಿಳಿವು ಹರಡಿದ್ದ ಆ ಕಾಲ ಬಯಸಿದ್ದು ಬಿಳಿಯ, ನುಣುಪಾದ, ತೊಳೆಯಲು ಬರುವ ಮೈಗಳನ್ನು. ಹೊಸ ಕೋಣೆಯಲ್ಲಿ ಸಾದಾ ಬಿಳಿ ಟೈಲು, ಅಲಂಕಾರವಿಲ್ಲದ ನಲ್ಲಿ ಹಾಕಿದ್ದು ಮೂಲದ ಮನೋಭಾವಕ್ಕೆ ಹತ್ತಿರವಾದದ್ದು ಎಂಬ ನಮ್ಮ ವಾದಕ್ಕೆ ಅವರು ಅರ್ಧ ಒಪ್ಪಿದರು. ಕನ್ನಡಿಯ ಚೌಕಟ್ಟು ಅವರ ಆಯ್ಕೆಯದು.

ಅಜ್ಜಿಯ ಸ್ನಾನಗೃಹ

ಕೆಲಸ ಶುರುವಾದದ್ದು ಮಾತ್ರ ಕೆಳಗಿನ ಕೋಣೆಯಿಂದ. ಮನೆಯವರು ಅಲ್ಲಿಯೇ ವಾಸವಿದ್ದು ಕೆಲಸ ಮಾಡಿಸಿದ್ದರಿಂದ, ಮೇಲಿನ ಎರಡನ್ನು ಬಿಚ್ಚುವ ಮೊದಲು ಬಳಸಲು ಒಂದಾದರೂ ತಯಾರಿರಬೇಕಿತ್ತು. ಹಳೆಯ ಬಾಗಿಲು ಚೌಕಟ್ಟುಗಳ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇದ್ದುದರಿಂದ ಒಣ ಉಜ್ಜುವಿಕೆಯನ್ನು ಪೂರ್ತಿ ನಿಷೇಧಿಸಿ, ಒದ್ದೆ ಮಾಡಿಯೇ ಕೆರೆಸಿದೆವು.

ಮೆಟ್ಟಿಲು ತೆಗೆಯಲು ಇಳಿಮಾಡಿನ ನೆಲವನ್ನೇ ಮನೆಯ ಮಟ್ಟಕ್ಕೆ ಏರಿಸಿದೆವು. ಮಾಡಿನ ಎತ್ತರ ಅದಕ್ಕೆ ಸಾಲುತ್ತಿತ್ತು, ಮೇಲಾಗಿ ಏರಿಸಿದ ನೆಲದಡಿಯಲ್ಲಿ ಪೈಪಿಗೆ ಬೇಕಾದಷ್ಟು ವಾಟ ಸಿಕ್ಕಿತು. ಹೊಸ್ತಿಲಿಲ್ಲದ ಪ್ರವೇಶ, 800 ಮಿ.ಮೀ. ಸಲೀಸಾಗಿ ತೆರೆಯುವ ಬಾಗಿಲು, 460 ಮಿ.ಮೀ. ಎತ್ತರದ ಕಮೋಡ್. ಹಿಡಿಗಂಬಿಗಳನ್ನು ಎಲ್ಲಿ ಹಾಕಬೇಕೆಂಬುದನ್ನು ನಕ್ಷೆಯಲ್ಲಿ ಗುರುತಿಸಲಿಲ್ಲ. ಅಜ್ಜಿಯನ್ನು ಕಮೋಡಿನ ಮೇಲೆ ಕೂರಿಸಿ, ಏಳುವಾಗ ಕೈ ತಾನಾಗಿ ಹೋಗುವ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡೆವು. ಅದು ಸಾಮಾನ್ಯ ಅಳತೆಗಿಂತ ಒಂದು ಗೇಣು ಮುಂದಿತ್ತು. ಬಿಸಿನೀರಿನ ಟ್ಯಾಂಕನ್ನು ಬ್ಯಾಕ್ಟೀರಿಯಾ ಬೆಳೆಯದಂತೆ 60 ಡಿಗ್ರಿಯಲ್ಲಿ ಇಡಬೇಕಾಗುತ್ತದೆ, ಆದರೆ ಆ ಬಿಸಿ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ವಯಸ್ಸಾದವರು ಕೈ ಹಿಂದೆಗೆಯುವುದೂ ನಿಧಾನ. ಶವರಿಗೆ ಬರುವ ನೀರು 41 ಡಿಗ್ರಿ ಮೀರದಂತೆ ತಡೆಯುವ ವಾಲ್ವ್ ಹಾಕಿಸಿದೆವು.

ನಿಜವಾದ ತೊಡಕು ಗೋಡೆಯದು. ಜಿನುಗು ತಡೆಯಲೆಂದು ಹಿಂದೆ ಸೊಂಟದೆತ್ತರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಮೈತುಂಬ ಆರಿಸಿಕೊಳ್ಳುತ್ತದೆ; ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ, ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಗಿಲಾವಿನ ಮೇಲಂಚಿನ ಉದ್ದಕ್ಕೂ ಬಿಳಿ ಉಪ್ಪು ಹೂವಿನಂತೆ ಎದ್ದು ಇಟ್ಟಿಗೆ ಉದುರುತ್ತಿದ್ದುದು ಇದಕ್ಕೇ. ಸಿಮೆಂಟನ್ನು ಪೂರ್ತಿ ತೆಗೆದು ಮತ್ತೆ ಸುಣ್ಣದ ಗಿಲಾವು ಮಾಡಿಸಿದೆವು. ಶವರಿನ ಮೂಲೆಯಲ್ಲಿ ಮಾತ್ರ, ಗೋಡೆಯಿಂದ 25 ಮಿ.ಮೀ. ದೂರಕ್ಕೆ ಚೌಕಟ್ಟು ನಿಲ್ಲಿಸಿ, ಅದಕ್ಕೆ ಹಲಗೆ ಬಡಿದು ಟೈಲು ಹಾಕಿ, ಹಿಂದಿನ ಸಂದಿಗೆ ಕೆಳಗೂ ಮೇಲೂ ಗಾಳಿಕಿಂಡಿ ಬಿಟ್ಟೆವು. ಟೈಲು ಒಂದು ಗೋಡೆಯದು, ಉಸಿರಾಡುವ ಇಟ್ಟಿಗೆ ಇನ್ನೊಂದು ಗೋಡೆಯದು. ಮುಂದೆ ಯಾರಿಗಾದರೂ ಬೇಡವಾದರೆ ಹಳೆಯ ಗೋಡೆಗೆ ಪೆಟ್ಟಾಗದೆ ಬಿಚ್ಚಲೂಬಹುದು.

ಒದ್ದೆ ಗೋಡೆ ಒಣಗಲು ಪ್ರತಿ 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕೆಲಸದವರ ಅಂದಾಜು. ಆ ಲೆಕ್ಕದಲ್ಲಿ ಹಿಂಬದಿಯ ಗೋಡೆಗೆ ವರ್ಷ ದಾಟುತ್ತದೆ, ಆದ್ದರಿಂದ ಅದಕ್ಕೆ ಬಣ್ಣವಿಲ್ಲದೆ ತೆಳು ಸುಣ್ಣ ಮಾತ್ರ ಬಳಿದು ಕೋಣೆಯನ್ನು ಬಳಕೆಗೆ ಕೊಟ್ಟಿದ್ದೇವೆ. ಉಪ್ಪು ಇನ್ನೂ ಅಲ್ಲಲ್ಲಿ ಏಳುತ್ತಿದೆ. ಅದನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕು, ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ ಎಂದು ಮನೆಯವರಿಗೆ ತಿಳಿಸಲಾಗಿದೆ. ಮೇಲಂತಸ್ತಿನ ಪೈಪಿನ ಮೇಲಿನ ಹಲಗೆಗಳನ್ನು ಮೊಳೆಯ ಬದಲು ಸ್ಕ್ರೂ ಹಾಕಿ ಕೂರಿಸಿ, ಮುಚ್ಚುವ ಮೊದಲು ತೆಗೆದ ಚಿತ್ರಗಳನ್ನು ಅಳತೆಗಳ ಸಮೇತ ಯಜಮಾನರಿಗೆ ಕೊಟ್ಟೆವು. ಇತ್ಯರ್ಥವಾಗದೆ ಉಳಿದದ್ದು ಕಮೋಡಿನ ಟ್ಯಾಂಕಿನ ಪ್ರಶ್ನೆ. ಹೊಸ ಎರಡು ಕಡೆ 6 ಮತ್ತು 3 ಲೀಟರಿನ ಜೋಡಿ ಗುಂಡಿಗಳಿವೆ. ದೊಡ್ಡ ಸ್ನಾನಗೃಹದ ಎತ್ತರದ ಹಳೆಯ ಟ್ಯಾಂಕ್ ಪ್ರತಿ ಸಲ 9 ಲೀಟರ್ ಬಿಡುತ್ತದೆ, ಸೊಸೆಗೆ ಅದು ಪೋಲು. ಹೊರಗಿನ ಭೂಗತ ಪೈಪು ಅಗಲವಾದ ಹಳೆಯದು, ಕಡಿಮೆ ನೀರು ಅದರಲ್ಲಿ ತೆಳುವಾಗಿ ಹರಡಿ ಮಲವನ್ನು ನಡುದಾರಿಯಲ್ಲಿಯೇ ಬಿಟ್ಟುಹೋಗುವ ಸಾಧ್ಯತೆ ಇರುತ್ತದೆ. ದಿನಕ್ಕೆ ಕೆಲವು ಸಲ ಆ 9 ಲೀಟರ್ ಅದನ್ನು ತಳ್ಳುವುದು ಸದ್ಯಕ್ಕೆ ಒಳ್ಳೆಯದೇ ಎಂದು ನಾವು ಹೇಳಿದ್ದೇವೆ. ಭೂಗತ ಪೈಪನ್ನು ಕಿರಿದು ಮಾಡಿ ಹೊಸದಾಗಿ ಹಾಕುವವರೆಗೆ ಟ್ಯಾಂಕ್ ಹಾಗೆಯೇ ಇರುತ್ತದೆ.